ಸರ್ಕಲ್ ಬೇರೆ, ಚೌಕ ಬೇರೆ: ಚಿಕ್ಕಮಗಳೂರಿನ ಆಜಾದ್ ಪಾರ್ಕ್ ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಊರಿನ ಚೌಕಗಳು ಮತ್ತು ಅವುಗಳ ಜೊತೆ ಜನರಿಗಿರುವ ನಂಟಿನ ಬಗ್ಗೆ ಇರುವ ನಮ್ಮ ಈ ಪಾಠ ತುಂಬಾ ದಿನ ನನ್ನ ತಲೆಗೆ ಹತ್ತಿರಲಿಲ್ಲ. ಕಾರಣ ಸಣ್ಣದು. 'ಸಾರ್ವಜನಿಕ ಚೌಕ' ಅಂತ ಬಂದ ಕಡೆಯೆಲ್ಲ ನಾನು ಮನಸ್ಸಿನಲ್ಲೇ ಸರ್ಕಲ್ ಅಂತ ಓದಿಕೊಳ್ಳುತ್ತಿದ್ದೆ. ಚಿಕ್ಕಮಗಳೂರಿನವರು ನಾವು ನೋಡಿ ಬೆಳೆದದ್ದು ಸರ್ಕಲ್ಲುಗಳನ್ನೇ ಅಲ್ವಾ? ಹನುಮಂತಪ್ಪ ಸರ್ಕಲ್, ಎಐಟಿ ಸರ್ಕಲ್, ಆ ಕಡೆ ಹಾಸನಕ್ಕೆ ಹೋದರೆ ಎನ್.ಆರ್. ಸರ್ಕಲ್. ಸರ್ಕಲ್ ಇರುವುದು ಗಾಡಿ ತಿರುಗುವುದಕ್ಕೆ. ಚೌಕ ಇರುವುದು ಜನ ನಿಲ್ಲುವುದಕ್ಕೆ. ಎರಡೂ ಒಂದೇ ಜಾಗದಲ್ಲಿ ಇರಬಹುದು, ಆದರೆ ಒಂದಿದೆ ಅಂತ ಇನ್ನೊಂದು ತಾನಾಗಿ ಬರುವುದಿಲ್ಲ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಶುರು ಮಾಡಬೇಕಾದ್ದು ಕೆವಿನ್ ಲಿಂಚ್ ಅವರಿಂದ. ಅಮೆರಿಕದ ನಗರ ಯೋಜಕರು. ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಈ ಮೂರು ಊರುಗಳ ಜನರ ಹತ್ತಿರ, ನಿಮ್ಮ ಊರನ್ನು ನೆನಪಿನಿಂದಲೇ ಕಾಗದದ ಮೇಲೆ ಬರೆದು ತೋರಿಸಿ, ಮನೆಯಿಂದ ಕೆಲಸಕ್ಕೆ ಹೋಗುವ ದಾರಿ ಹೇಳಿ ಅಂತ ಕೇಳಿದರು. ಸಿಕ್ಕ ಉತ್ತರಗಳ ಮೇಲೆ 1960ರಲ್ಲಿ ಪುಸ್ತಕ ಬಂತು. ಊರಿನ ಚಿತ್ರ ಜನರ ತಲೆಯಲ್ಲಿ ಐದು ಬಗೆಯ ತುಂಡುಗಳಿಂದ ಕಟ್ಟಿಕೊಳ್ಳುತ್ತದೆ ಅನ್ನುವುದು ಅವರ ಮಾತು. ನಾನು ಅವಕ್ಕೆ ಇಟ್ಟುಕೊಂಡ ಹೆಸರು: ದಾರಿ, ಅಂಚು, ಕೇರಿ, ಕೂಡುತಾಣ, ಗುರುತು. ನಮ್ಮೂರಲ್ಲಿ ಎಂ.ಜಿ. ರಸ್ತೆ ದಾರಿ. ಬಸವನಹಳ್ಳಿ ಕೆರೆಯ ಏರಿ ಅಂಚು. ಹಿರೇಮಗಳೂರು ಕೇರಿ, ಅದು ಊರಿನೊಳಗೆ ಸೇರಿಹೋಗಿದ್ದರೂ ಜನ ಇವತ್ತಿಗೂ ಬೇರೆ ಊರಿಗೆ ಹೊರಟವರ ಹಾಗೆ 'ಹಿರೇಮಗಳೂರಿಗೆ ಹೋಗಿ ಬರ್ತೀನಿ' ಅಂತಾರೆ.

ಎಡವುವುದು ಕೊನೆಯ ಎರಡರಲ್ಲಿ. ಗುರುತನ್ನು ನಾವು ಹೊರಗೆ ನಿಂತು ನೋಡುತ್ತೇವೆ, ಕೂಡುತಾಣದ ಒಳಗೆ ಹೋಗುತ್ತೇವೆ. ಶ್ರವಣಬೆಳಗೊಳ ನೆನಪಿಸಿಕೊಳ್ಳಿ. ದೂರದಿಂದಲೇ ಕಾಣುವ ಬಾಹುಬಲಿ ಗುರುತು. ಎರಡು ಬೆಟ್ಟಗಳ ನಡುವೆ ಇರುವ ಕಲ್ಯಾಣಿ ಕೂಡುತಾಣ. ಊರಿಗೆ ಹೆಸರು ಬಂದಿರುವುದು ಆ ಬಿಳಿಯ ಕೊಳದಿಂದಲೇ. ಜಗತ್ತಿಗೆ ಗೊತ್ತಿರುವುದು ಮೇಲಿನ ಮೂರ್ತಿ, ಊರಿನ ಹೆಸರಲ್ಲಿ ಕೂತಿರುವುದು ಕೆಳಗಿನ ನೀರು.

ಲಿಂಚ್ ಮಾಡಿದ್ದನ್ನು ನಾನೂ ಮನೆಯಲ್ಲಿ ಸುಮ್ನೆ ಮಾಡಿ ನೋಡಿದೆ. ಮೂರು ಹಾಳೆ, ಮೂರು ಜನ. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಮೇಲೆ ಮುಳ್ಳಯ್ಯನಗಿರಿ ಬರೆದ, ಪಕ್ಕದಲ್ಲಿ ಬಾಬಾಬುಡನ್‌ಗಿರಿ, ಒಂದು ಹೋಂಸ್ಟೇ, ಒಂದಷ್ಟು ಕಾಫಿ ಗಿಡ. ಊರು ಎಲ್ಲೋ ಅಂದರೆ ಕೆಳಗೆ ಒಂದು ಚುಕ್ಕೆ ಇಟ್ಟು 'ಟ್ರಾಫಿಕ್' ಅಂತ ಬರೆದ! ಆಟೊ ಓಡಿಸುವ ಮಾವನ ಹಾಳೆಯಲ್ಲಿ ಬರೀ ತಿರುವುಗಳು, ಎಲ್ಲಿ ಒನ್‌ವೇ, ಎಲ್ಲಿ ಗಾಡಿ ನಿಲ್ಲಿಸಿದರೆ ಬೈಸಿಕೊಳ್ಳಬೇಕು ಅನ್ನುವುದು. ಅಮ್ಮ ಮಾತ್ರ ಹಾಳೆಯ ನಡುವೆ ಆಜಾದ್ ಪಾರ್ಕ್ ಬರೆದು ಅಲ್ಲಿಂದ ನಾಲ್ಕೂ ಕಡೆ ಗೆರೆ ಎಳೆದರು. ನಮ್ಮ ಮನೆ ಎಲ್ಲಮ್ಮಾ ಅಂದರೆ, 'ಇಲ್ಲೇ ಎಲ್ಲೋ ಬರುತ್ತೆ ಬಿಡು' ಅಂದರು.

ಚಿಕ್ಕಪ್ಪನ ಮಗನ ಹಾಳೆಯನ್ನು ನೋಡಿ ನಗಬೇಡಿ, ಅದಕ್ಕೆ ಲಿಂಚ್ ಪುಸ್ತಕದಲ್ಲೇ ಜೋಡಿ ಇದೆ. ಜರ್ಸಿ ಸಿಟಿಯವರಿಗೆ ತಮ್ಮ ಊರಲ್ಲಿ ಎದ್ದು ಕಾಣುವುದು ಏನು ಅಂತ ಹೇಳುವುದೇ ಕಷ್ಟವಾಯಿತು, ನದಿಯಾಚೆ ಕಾಣುವ ನ್ಯೂಯಾರ್ಕಿನ ಕಟ್ಟಡಗಳ ಸಾಲನ್ನು ಹೇಳಿದವರಿದ್ದರು. ಚಿಕ್ಕಮಗಳೂರಿನದೂ ಹೆಚ್ಚುಕಡಿಮೆ ಅದೇ ಕಥೆ. ಹೊರಗಿನವರ ಕಣ್ಣಲ್ಲಿ ಇದು ಬೆಟ್ಟದ ಊರು, ಆ ಚಿತ್ರದೊಳಗೆ ಊರೇ ಇಲ್ಲ. ಊರಿನ ಬಿಂಬ ಮತ್ತು ಊರಿನವರ ನಂಟು ಎರಡೂ ಬೇರೆ ಬೇರೆ ಅನ್ನುವುದಕ್ಕೆ ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ. ಬಿಂಬ ಹೊರಗಿನಿಂದ ಬಂದವರಿಗೂ ಸಿಗುತ್ತದೆ, ಒಂದು ಫೋಟೊ ಸಾಕು. ನಂಟಿಗೆ ಹೋಗಿ ಬಂದು ಹೋಗಿ ಬಂದು ಮಾಡಬೇಕು. ಭೂಗೋಳದ ವಿದ್ವಾಂಸರು ಯಿ-ಫು ಟುವಾನ್ 1977ರಲ್ಲಿ ಹೇಳಿದ್ದೂ ಇದೇ ಅರ್ಥ: ಬರೀ ಜಾಗ ನಮಗೆ ಪರಿಚಯವಾಗಿ, ಅದರ ಮೇಲೆ ಅಕ್ಕರೆ ಬೆಳೆದಾಗ ಅದು ತಾವು ಆಗುತ್ತದೆ. ('ತಾವು' ನಮ್ಮ ಅಜ್ಜಿ ಬಳಸುತ್ತಿದ್ದ ಪದ. ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.)

ಆಜಾದ್ ಪಾರ್ಕೇ ಯಾಕೆ? ಚೆಂದ ಅಂತೂ ಅಲ್ಲ. ಆದರೆ ಯಾರು ಯಾರ ಮೇಲೆ ಸಿಟ್ಟಾದರೂ ಬಂದು ನಿಲ್ಲುವುದು ಅಲ್ಲಿ. 'ಆಜಾದ್ ಪಾರ್ಕ್ ವೃತ್ತದಲ್ಲಿ ಪ್ರತಿಭಟನೆ' ಅನ್ನುವ ಸಾಲನ್ನು ಪೇಪರಿನಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಗಣಪತಿ ಕೂರಿಸುವುದೂ ಅಲ್ಲೇ. ಹನುಮಂತಪ್ಪ ಸರ್ಕಲ್ ಹಾದು ಎಂ.ಜಿ. ರಸ್ತೆಯಲ್ಲಿ ಬರುವ ಮೆರವಣಿಗೆ ಬಂದು ಮುಗಿಯುವುದೂ ಅಲ್ಲೇ. ಮೆರವಣಿಗೆ ಎಲ್ಲಿಂದ ಬೇಕಾದರೂ ಹೊರಡಬಹುದು, ಮುಗಿಯುವುದಕ್ಕೆ ಮಾತ್ರ ಎಲ್ಲರಿಗೂ ಗೊತ್ತಿರುವ ಒಂದು ಜಾಗ ಬೇಕು. ಹನುಮಂತಪ್ಪ ಸರ್ಕಲ್ಲನ್ನು ಎಲ್ಲರೂ ದಾಟುತ್ತಾರೆ, ಆಜಾದ್ ಪಾರ್ಕನ್ನು ತಲುಪುತ್ತಾರೆ. ನನಗೆ ಕಂಡ ವ್ಯತ್ಯಾಸ ಇಷ್ಟೇ.

ಪಠ್ಯದವರು ಇದೇ ಮಾತಿಗೆ ಇಟಲಿಯ ಸಿಯೆನಾಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಕಾಂಪೊ ಚೌಕ ಚಿಪ್ಪಿನ ಹಾಗೆ ಇಳಿಜಾರಾಗಿದೆ, ಇಟ್ಟಿಗೆ ಹಾಸು, ಒಂಬತ್ತು ಪಟ್ಟೆ. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಅದರ ಸುತ್ತ ಕುದುರೆ ಓಟ, ಮೂರೇ ಸುತ್ತು. ಆ ಎರಡು ದಿನ ವರ್ಷವಿಡೀ ಆ ನೆಲಕ್ಕೆ ಅಂಟಿಕೊಂಡಿರುತ್ತದೆ. ನಮಗೆ ಅಷ್ಟು ದೂರ ಬೇಡ, ಬೇಲೂರು ಇದೆ. ತೇರು ಎಳೆಯುವುದು ಚೈತ್ರದಲ್ಲಿ, ಆದರೆ ತೇರಿನ ಬೀದಿಗೆ ಉಳಿದ ದಿನವೂ ತೇರಿನ ಅಗಲ ಇದ್ದೇ ಇರುತ್ತದೆ.

ಇನ್ನು ಪ್ರತಿಮೆಗಳ ವಿಷಯ. ಇಲ್ಲಿ ಕಮಿಲ್ಲೊ ಸಿಟ್ಟೆ ಬರುತ್ತಾರೆ, ವಿಯೆನ್ನಾದ ವಾಸ್ತುಶಿಲ್ಪಿ, ಪುಸ್ತಕ ಬಂದ ವರ್ಷ 1889. ಹಳೆಯ ಊರುಗಳ ಚೌಕಗಳಲ್ಲಿ ಪ್ರತಿಮೆಯನ್ನು ನಟ್ಟನಡುವೆ ಇಡುತ್ತಿರಲಿಲ್ಲ, ಬದಿಗೆ ಇಡುತ್ತಿದ್ದರು, ನಡು ಖಾಲಿ ಇರುತ್ತಿತ್ತು ಅಂತ ಅವರು ತೋರಿಸಿಕೊಟ್ಟರು. ಅವರು ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು. ಮಕ್ಕಳು ಹಿಮದ ಬೊಂಬೆ ಎಲ್ಲಿ ಮಾಡುತ್ತಾರೆ ನೋಡಿ, ಜನ ತುಳಿದು ದಾರಿ ಮಾಡಿಕೊಂಡ ಕಡೆ ಮಾಡುವುದಿಲ್ಲ, ದಾರಿಗಳ ನಡುವೆ ಯಾರೂ ತುಳಿಯದೆ ಉಳಿದ ಕಡೆ ಮಾಡುತ್ತಾರೆ. ನಮ್ಮಲ್ಲಿ ಉಲ್ಟಾ. ಪ್ರತಿಮೆ ನಡುವೆ, ಸುತ್ತ ಗ್ರಿಲ್ಲು, ಗ್ರಿಲ್ಲಿನ ಸುತ್ತ ಬಸ್ಸು. ಜಯಂತಿಯ ದಿನ ಏಣಿ ಹಾಕಿ ಹಾರ ಹಾಕುವವರನ್ನು ಬಿಟ್ಟರೆ ಹತ್ತಿರ ಹೋಗುವವರು ಯಾರು? ಪ್ರತಿಮೆ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ ಅನ್ನುವುದು ಸರಿ, ಆದರೆ ಜನ ಬಂದು ನಿಂತರೆ ಪ್ರತಿಮೆಯೂ ಬೇರೆಯಾಗಿಬಿಡುತ್ತದೆ. ಹಾಸನದ ಹೇಮಾವತಿ ಪ್ರತಿಮೆ ನೋಡಿ. ಹೊಳೆ ಹಾಸನ ಪಟ್ಟಣದೊಳಗೆ ಹರಿಯುವುದೇ ಇಲ್ಲ, ಅಣೆಕಟ್ಟು ಗೊರೂರಿನಲ್ಲಿದೆ, ಹುಟ್ಟುವುದು ನಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ (ಇದನ್ನು ಹಾಸನದ ಗೆಳೆಯರಿಗೆ ಹೇಳಿ ಕಾಲೆಳೆಯಬಹುದು). ಆದರೂ ಪ್ರತಿಭಟನೆಗೆ ಜನ ಸೇರುವುದು ಹೇಮಾವತಿಯ ಮುಂದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ವಿಲಿಯಂ ವೈಟ್, ಊರುಗಳಲ್ಲಿ ಜನ ಹೇಗೆ ಓಡಾಡುತ್ತಾರೆ, ಕೂರುತ್ತಾರೆ ಅಂತ ಗಮನಿಸಿದ ಅಮೆರಿಕದ ಬರಹಗಾರರು. 1961ರಲ್ಲಿ ನ್ಯೂಯಾರ್ಕ್ ಒಂದು ನಿಯಮ ತಂದಿತು. ಕಟ್ಟಡದ ಮುಂದೆ ಜನರಿಗೆ ಬಯಲು ಬಿಟ್ಟರೆ ಮೇಲೆ ಹೆಚ್ಚು ಮಹಡಿ ಕಟ್ಟಿಕೊಳ್ಳಬಹುದು. ಬಯಲುಗಳೇನೋ ಬಂದವು, ಸುಮಾರು ಕಡೆ ಜನರೇ ಬರಲಿಲ್ಲ. ಯಾಕೆ ಅಂತ ನೋಡಲು 1970ರ ದಶಕದಲ್ಲಿ ವೈಟ್ ಮತ್ತು ಅವರ ಹುಡುಗರು ಕ್ಯಾಮೆರಾ ಇಟ್ಟುಕೊಂಡು ಕೂತರು. ಬಿಸಿಲು, ಆಕಾರ, ಅಳತೆ ಎಲ್ಲ ಲೆಕ್ಕ ಹಾಕಿದ ಮೇಲೆ ಸಿಕ್ಕ ಉತ್ತರ ಕೇಳಿದರೆ ನಗು ಬರುತ್ತದೆ: ಕೂರಲು ಜಾಗ ಇದ್ದ ಕಡೆ ಜನ ಕೂರುತ್ತಾರೆ. ನೆಲದಿಂದ 1 ಅಡಿಯಿಂದ 3 ಅಡಿ ಎತ್ತರದವರೆಗೆ ಏನಿದ್ದರೂ ನಡೆಯುತ್ತದೆ, ಅಗಲ ಮಾತ್ರ ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರುವಷ್ಟು ಇದ್ದರೆ ಒಳ್ಳೆಯದು. 1975ರಲ್ಲಿ ನ್ಯೂಯಾರ್ಕಿನ ನಿಯಮವೂ ಬದಲಾಯಿತು.

ಇದನ್ನು ಓದಿ ನಾನು ಜೋರಾಗಿ 'ಕಟ್ಟೆ!' ಅಂದೆ. ಅಷ್ಟೂ ಅಳತೆ ನಮ್ಮ ಅರಳಿಕಟ್ಟೆಯದು. ಎತ್ತರ ಅದೇ, ಸುತ್ತ ಎಲ್ಲಿ ಬೇಕಾದರೂ ಕೂರಬಹುದು, ಜಗಳ ಆಡಿದವರು ಮರದ ಆ ಕಡೆ ಹೋಗಿ ಮುಖ ತಿರುಗಿಸಿಕೊಂಡು ಕೂರಬಹುದು, ಎದ್ದು ಮನೆಗೆ ಹೋಗಬೇಕಿಲ್ಲ. ಸೋಮಾರಿಕಟ್ಟೆ, ಹರಟೆಕಟ್ಟೆ ಅಂತ ಬೈಯುವ ಪದಗಳಿದ್ದರೂ ಯಾರೂ ಕಟ್ಟೆ ಒಡೆಯುತ್ತಿರಲಿಲ್ಲ. ನಮ್ಮ ಬೀದಿಯ ಕಟ್ಟೆಗೆ ಹೋದ ವರ್ಷ 'ಅಭಿವೃದ್ಧಿ' ಅಂತ ಸುತ್ತ ಕಬ್ಬಿಣದ ಬೇಲಿ ಬಿತ್ತು. ಮರ ಚೆನ್ನಾಗಿದೆ. ಪೇಂಟೂ ಚೆನ್ನಾಗಿದೆ. ಸಂಜೆ ಐದಕ್ಕೆ ಬಂದು ಕೂರುತ್ತಿದ್ದ ನಾಲ್ಕು ಜನ ಹಿರಿಯರು ಈಗ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ.

ವೈಟ್ ಕಂಡ ಇನ್ನೊಂದು ಸಂಗತಿ: ಪರಿಚಯದವರು ಸಿಕ್ಕಿದರೆ ಜನ ಬದಿಗೆ ಸರಿದು ಮಾತಾಡುವುದಿಲ್ಲ, ಓಡಾಟದ ನಟ್ಟನಡುವೆಯೇ ನಿಲ್ಲುತ್ತಾರೆ. ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಅಮ್ಮನ ಜೊತೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದಮೇಲೂ ಒಂದು ತಕರಾರು ಉಳಿಯುತ್ತದೆ, ಮಳೆ. ಜೂನ್ ಬಂತೆಂದರೆ ನಮ್ಮೂರಲ್ಲಿ ಕಟ್ಟೆಯ ಮೇಲೆ ಕೂರುವವರು ಯಾರು? ಇಂಥ ಮಾತು ಬೇರೆ ಕಡೆಯೂ ಬಂದಿತ್ತು. 1962ರಲ್ಲಿ ಕೋಪನ್‌ಹೇಗನ್ನಿನ ಸ್ಟ್ರೋಗೆಟ್ ಬೀದಿಗೆ ಕಾರು ಬರದ ಹಾಗೆ ಮಾಡಿದಾಗ, ಈ ಚಳಿಯಲ್ಲಿ ಯಾರು ಹೊರಗೆ ಬಂದು ನಿಲ್ಲುತ್ತಾರೆ, ನಾವೇನು ಇಟಲಿಯವರೇ ಅಂದವರಿದ್ದರು. ಜನ ಬಂದರು. ಆದರೆ ಚಳಿಗೆ ಸ್ವೆಟರ್ ಹಾಕಿಕೊಳ್ಳಬಹುದು, ಮಲೆನಾಡಿನ ಮಳೆಯೇ ಬೇರೆ. ನಾನು ಜುಲೈನಲ್ಲಿ ಆಜಾದ್ ಪಾರ್ಕಿನ ಹತ್ತಿರ ಒಂದು ಗಂಟೆ ನಿಂತು ಎಣಿಸಿದೆ. ನಡುವೆ ಒಬ್ಬರೂ ಇಲ್ಲ. ಎಲ್ಲರೂ ಅಂಗಡಿಗಳ ಸೂರಿನಡಿ, ಒಂದು ಮೊಳ ಅಗಲದ ಜಾಗದಲ್ಲಿ, ಒದ್ದೆ ಕೊಡೆಗಳನ್ನು ಕಾಲಿಗೆ ಒರಗಿಸಿಕೊಂಡು, ಗೊತ್ತಿಲ್ಲದವರ ಹತ್ತಿರವೂ 'ಇದು ಇವತ್ತು ಬಿಡಲ್ಲ ಬಿಡಿ' ಅನ್ನುತ್ತಾ ನಿಂತಿದ್ದರು. ಚೌಕ ಇಲ್ಲವಾಗಿರಲಿಲ್ಲ, ನಡುವಿನಿಂದ ಅಂಚಿಗೆ ಸರಿದಿತ್ತು. ಲಿಂಚ್, ಸಿಟ್ಟೆ, ವೈಟ್ ಮೂವರಿಂದ ನಾನು ಓದಿಕೊಂಡಷ್ಟರಲ್ಲಿ ಈ ಸೂರಿಗೆ ಹೆಸರಿಲ್ಲ.

ಅದಕ್ಕೇ ಅಸೈನ್‌ಮೆಂಟಿಗೆ ಎಣಿಸಲು ಹೋಗುವವರು ಬೇಸಿಗೆಯಲ್ಲಿ ಒಂದೇ ಸಲ ಹೋಗಿ ಮುಗಿಸಬೇಡಿ. ದಾಟಿದವರು ಎಷ್ಟು, ನಿಂತವರು ಎಷ್ಟು ಅಂತ ಎರಡು ಕಾಲಂ ಹಾಕಿ, ಒಂದು ಸಲ ಜನವರಿಯಲ್ಲಿ, ಒಂದು ಸಲ ಜುಲೈನಲ್ಲಿ. ಜುಲೈನಲ್ಲಿ ಪೆನ್ನು ಬೇಡ, ಪೆನ್ಸಿಲ್ ತಗೊಂಡು ಹೋಗಿ. ನನ್ನ ಮೊದಲ ದಿನದ ಲೆಕ್ಕವೆಲ್ಲ ನೀರಲ್ಲಿ ಹೋಯಿತು.