ಮನೆಯಲ್ಲಿ ದುಡ್ಡು ಕಡಿಮೆ ಇದ್ದರೆ ಮಗುವಿಗೆ ಕೀಳರಿಮೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಆದಾಯ ಅಷ್ಟಕ್ಕಷ್ಟೆ. ಜೊತೆಯ ಮಕ್ಕಳ ಹತ್ತಿರ ಇರುವುದನ್ನೆಲ್ಲ ನಮ್ಮ ಒಂಬತ್ತು ವರ್ಷದ ಮಗಳಿಗೆ ಕೊಡಿಸಲು ಆಗುವುದಿಲ್ಲ. ಅವಳು ತನ್ನನ್ನು ತಾನೇ ಕೀಳಾಗಿ ಕಾಣುತ್ತಾ ಬೆಳೆದುಬಿಡುತ್ತಾಳಾ?

ಉತ್ತರ: ಈ ವಯಸ್ಸಿನಲ್ಲಿ ದುಡ್ಡಿನ ಪೆಟ್ಟು ನೀವು ಹೆದರುವಷ್ಟು ಜೋರಾಗಿರುವುದಿಲ್ಲ. ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮಾರಿಸ್ ರೋಸೆನ್‌ಬರ್ಗ್ ಮತ್ತು ಲಿಯೊನಾರ್ಡ್ ಪರ್ಲಿನ್ 1978ರಲ್ಲಿ ಇದನ್ನೇ ಪರಿಶೀಲಿಸಿದ್ದರು. ಚಿಕ್ಕ ಮಕ್ಕಳಲ್ಲಿ ಮನೆಯ ಅಂತಸ್ತಿಗೂ ಆತ್ಮಗೌರವಕ್ಕೂ ನಂಟು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಹದಿಹರೆಯದಲ್ಲಿ ಸ್ವಲ್ಪ ಕಂಡಿತು. ದೊಡ್ಡವರಲ್ಲಿ ಇನ್ನೂ ಜಾಸ್ತಿ.

ಯಾಕೆ ಹೀಗೆ? ಸಂಬಳ ಕಡಿಮೆಯಾದರೆ ದೊಡ್ಡವರಿಗೆ ಅದು ತಮ್ಮದೇ ಸೋಲು ಅನ್ನಿಸುತ್ತದೆ. ಮಗುವಿಗೆ ಹಾಗಲ್ಲ. ಮನೆಯ ಸ್ಥಿತಿ ಅದು ಮಾಡಿಕೊಂಡದ್ದಲ್ಲವಲ್ಲ. ಚಿಕ್ಕ ಮಕ್ಕಳು ಆಡುವುದು, ಓದುವುದು ಕೂಡ ಹೆಚ್ಚಾಗಿ ತಮ್ಮಂಥ ಮನೆಗಳವರ ಜೊತೆಗೇ. ಹಾಗಾಗಿ ದೊಡ್ಡ ಅಂತರ ಕಣ್ಣಿಗೆ ಬೀಳುವುದಿಲ್ಲ. ಅಪ್ಪ ಅಮ್ಮ ತನ್ನನ್ನು ಹೇಗೆ ಕಾಣುತ್ತಾರೆ ಅನ್ನುವುದೇ ಅವರಿಗೆ ದೊಡ್ಡದು. ಆದರೆ ನಿಮ್ಮ ಮಗಳ ಸುತ್ತ ಇರುವವರೆಲ್ಲ ಉಳ್ಳವರ ಮಕ್ಕಳೇ ಆಗಿದ್ದರೆ ಹೋಲಿಕೆ ಬೇಗ ಶುರುವಾಗಬಹುದು. ಅದನ್ನು ಗಮನಿಸಿ.

ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಬೇರೆ ಇದೆ. ಮಗುವಿಗೆ ತನ್ನ ಬಗ್ಗೆ ಇರುವ ಅಭಿಪ್ರಾಯ ಒಂದೇ ಅಲ್ಲ. ಓದಿನಲ್ಲಿ ಒಂದು, ಗೆಳೆತನದಲ್ಲಿ ಒಂದು, ಆಟದಲ್ಲಿ ಇನ್ನೊಂದು. ನಗುನಗುತ್ತಾ ಇರುವ ಹುಡುಗಿಯ ಮನಸ್ಸಿನಲ್ಲೂ 'ಓದು ನಮ್ಮಂಥವರಿಗಲ್ಲ' ಎಂಬುದು ಕೂತಿರಬಹುದು. ಫ್ರಾನ್ಸಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಇದು ನಿಮ್ಮ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆ ಎಂದಾಗ ಕೆಳ ಅಂತಸ್ತಿನ ಮನೆಗಳಿಂದ ಬಂದವರು ಹಿಂದೆ ಬಿದ್ದರು. ಅದೇ ಪ್ರಶ್ನೆಗಳನ್ನು ಬುದ್ಧಿಯ ಮಾತೆತ್ತದೆ ಕೊಟ್ಟಾಗ ಉಳಿದವರಿಗೆ ಸಮನಾಗಿ ಉತ್ತರಿಸಿದರು. ಕಾಲೇಜು ಮೆಟ್ಟಿಲು ಹತ್ತಿದವರನ್ನೂ ಆ ಅನುಮಾನ ಬಿಟ್ಟಿರಲಿಲ್ಲ!

ಇನ್ನು ಮನೆಯ ವಾತಾವರಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆದ ಅಮೆರಿಕದ ಮಕ್ಕಳ ಬದುಕನ್ನು ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಅಧ್ಯಯನ ಮಾಡಿದರು. ಆದಾಯ ಕುಸಿದ ಪೆಟ್ಟು ಮಕ್ಕಳಿಗೆ ಬಹುಪಾಲು ತಲುಪಿದ್ದು ಮನೆಯೊಳಗಿನ ಜಗಳ, ಅಪ್ಪನ ಸಿಡುಕಿನ ಮೂಲಕ. ಅಂದರೆ ಖಾಲಿ ಜೇಬಿನ ಸಿಟ್ಟು ಮಗುವಿನ ಮೇಲೆ ತಿರುಗಿದಾಗ ಅದು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಹಾಗಾಗಿ ಏನಾದರೂ ಕೊಡಿಸಲು ಆಗದಿದ್ದಾಗ ನೇರವಾಗಿ ಹೇಳಿ. 'ಈ ತಿಂಗಳು ಬೇರೆ ಖರ್ಚಿದೆ, ಆಗಲ್ಲ' ಎಂದರೆ ಅದು ದುಡ್ಡಿನ ಮಾತು. 'ನಮ್ಮಂಥವರಿಗೆ ಅದೆಲ್ಲ ಯಾಕೆ' ಎಂದರೆ ಅದು ಅವಳ ಬೆಲೆಯ ಮಾತಾಗುತ್ತದೆ. ಒಮ್ಮೆ ಗಣಿತ ಬರಲಿಲ್ಲ ಅಂದರೆ 'ನಮ್ಮ ಮನೆತನಕ್ಕೇ ಲೆಕ್ಕ ಹತ್ತಲ್ಲ' ಅನ್ನಬೇಡಿ. ಎಲ್ಲಿ ತಪ್ಪಿತು ಅಂತ ಅವಳ ಜೊತೆ ಕೂತು ನೋಡಿ. ಹನ್ನೆರಡು ಹದಿಮೂರರ ಹೊತ್ತಿಗೆ ಹೋಲಿಕೆ ಜಾಸ್ತಿಯಾಗುತ್ತದೆ. ಆಗ ಅವಳು ಬಟ್ಟೆ, ಫೋನ್ ಬಗ್ಗೆ ಗೊಣಗಿದರೆ ಬೈದು ಸುಮ್ಮನಾಗಿಸಬೇಡಿ, ಯಾರು ಏನಂದರು ಅಂತ ಕೇಳಿ.