ಹುಟ್ಟಿನಿಂದಲೇ ಯೋನಿ ಇಲ್ಲದಿದ್ದರೆ ಆಪರೇಷನ್ ಯಾವಾಗ?

ಪ್ರಶ್ನೆ: ಮಗಳಿಗೆ 17 ವರ್ಷ, ಇನ್ನೂ ದೊಡ್ಡವಳಾಗಿಲ್ಲ. ಸ್ಕ್ಯಾನಿಂಗ್ ಮಾಡಿ ಗರ್ಭಕೋಶವೂ ಇಲ್ಲ, ಯೋನಿಯೂ ಇಲ್ಲ ಅಂದರು. ಈ ರಜೆಯಲ್ಲೇ ಆಪರೇಷನ್ ಮಾಡಿಸಿಬಿಡೋಣವೇ?

ಉತ್ತರ: ತಿಂಗಳಿಗೊಮ್ಮೆ ಹೊಟ್ಟೆನೋವು ಬರುತ್ತಿಲ್ಲ ಅಂತಾದರೆ ಅವಸರವೇನೂ ಇಲ್ಲ. ನೋವು ಬರುತ್ತಿದ್ದರೆ ಮಾತ್ರ ಬೇರೆ ಲೆಕ್ಕ: ಎಲ್ಲೋ ಗರ್ಭಕೋಶದ ಭಾಗವಿದ್ದು, ರಕ್ತ ಹೊರಬರಲು ದಾರಿಯಿಲ್ಲದೆ ಒಳಗೇ ಕಟ್ಟಿಕೊಳ್ಳುತ್ತಿರಬಹುದು. ಅದನ್ನು ತಡಮಾಡದೆ ತೋರಿಸಬೇಕು.

ಎಂಆರ್‌ಕೆಎಚ್ ಎಂಬ ಈ ಸ್ಥಿತಿ ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಅಂಡಾಶಯ ಸರಿಯಾಗಿರುವುದರಿಂದ ಎದೆ, ಕಂಕುಳು ಮತ್ತು ಜನನಾಂಗದ ಕೂದಲು ಎಲ್ಲ ವಯಸ್ಸಿಗೆ ತಕ್ಕಂತೆ ಬೆಳೆದಿರುತ್ತವೆ. ಎದೆ ಬೆಳೆದೂ ಆ ಕೂದಲು ತೀರಾ ಕಡಿಮೆಯಿದ್ದರೆ ಕಾಯಿಲೆ ಬೇರೆಯೇ ಇರಬಹುದು. ಕ್ರೋಮೋಸೋಮ್ ಪರೀಕ್ಷೆ ಬಿಡಬೇಡಿ. ಎಂಆರ್‌ಐ ಜೊತೆಗೆ ಕಿಡ್ನಿಯನ್ನೂ ನೋಡಿಸಿ, ಒಂದೇ ಕಿಡ್ನಿ ಇರುವವರು ಇವರಲ್ಲಿ ಅಪರೂಪವಲ್ಲ.

ಮೊದಲ ಚಿಕಿತ್ಸೆ ಡೈಲೇಟರ್, ಅಂದರೆ ಯೋನಿಯ ದಾರಿಯನ್ನು ನಿಧಾನವಾಗಿ ಹಿಗ್ಗಿಸುವ ಸಾಧನ. ಆ ಜಾಗದಲ್ಲಿರುವ ಸಣ್ಣ ತಗ್ಗಿನಲ್ಲಿ ಜೆಲ್ ಹಚ್ಚಿದ ನಯವಾದ ಕಡ್ಡಿಯನ್ನು ಇಟ್ಟು, ದಿನಕ್ಕೆ ಒಂದೆರಡು ಸಲ 20ರಿಂದ 30 ನಿಮಿಷ ಹದವಾಗಿ ಒತ್ತಬೇಕು. ಒತ್ತಡ ಹಿಂದಕ್ಕೆ, ಬೆನ್ನಿನ ಕಡೆಗೆ ಇರಲಿ. ಮುಂದಕ್ಕೆ ವಾಲಿಸಿದರೆ ಮೂತ್ರದ ದಾರಿ ಹಿಗ್ಗಿಬಿಡುತ್ತದೆ, ಹಾಗಾಗಿ ಮೊದಲ ಸಲ ಕನ್ನಡಿ ಹಿಡಿದು ವೈದ್ಯರೇ ತೋರಿಸಿಕೊಡಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಿದ ಹತ್ತರಲ್ಲಿ ಒಂಬತ್ತು ಮಂದಿಗೆ ಕತ್ತರಿ ತಾಗಿಸುವ ಪ್ರಮೇಯವೇ ಬರುವುದಿಲ್ಲ.

ಅದು ಆಗದಿದ್ದಾಗ ಆಪರೇಷನ್. ಮ್ಯಾಕಿಂಡೋ ವಿಧಾನದಲ್ಲಿ ಮೂತ್ರಕೋಶ ಮತ್ತು ಗುದನಾಳದ ನಡುವೆ ಜಾಗ ಬಿಡಿಸುತ್ತಾರೆ. ಕಷ್ಟದ ಘಟ್ಟ ಇದೇ. ಕೈ ತಪ್ಪಿ ಗುದನಾಳಕ್ಕೆ ತೂತಾದರೆ ಮಲ ಯೋನಿಯಲ್ಲಿ ಸೋರುತ್ತದೆ. ತೊಡೆ ಅಥವಾ ಪೃಷ್ಠದಿಂದ ಅರ್ಧ ಮಿಲಿಮೀಟರಿಗಿಂತ ತೆಳುವಾದ ಚರ್ಮ ತೆಗೆದು, ಕಾಂಡೋಮಿನೊಳಗೆ ಸ್ಪಂಜು ತುಂಬಿದ ಅಚ್ಚಿಗೆ ಹಸಿ ಮುಖ ಹೊರಗಿರುವಂತೆ ಸುತ್ತಿ ಒಳಗಿಡುತ್ತಾರೆ. ಅಡಿಯಲ್ಲಿ ರಕ್ತ ನಿಂತರೆ ಚರ್ಮ ಅಂಟುವುದಿಲ್ಲ. ಸುಮಾರು ಒಂದು ವಾರ ಮೂತ್ರಕ್ಕೆ ನಳಿಕೆ (ಕ್ಯಾಥೆಟರ್), ಮಲಗಿರುವುದು, ನಾರು ಕಡಿಮೆಯಿರುವ ಊಟ. ಆಮೇಲೆ ಈ ಮೊದಲ ಅಚ್ಚು ತೆಗೆಯುತ್ತಾರೆ. ಚರ್ಮದ ಬದಲು ಹೆರಿಗೆಯಲ್ಲಿ ಸಿಗುವ ಗರ್ಭಚೀಲದ ಪೊರೆ ಬಳಸಿದರೆ ತೊಡೆಯಲ್ಲಿ ಕಲೆ ಉಳಿಯುವುದಿಲ್ಲ. ದೊಡ್ಡಕರುಳಿನ ತುಂಡು ಜೋಡಿಸಿದರೆ ಕುಗ್ಗುವುದು ಕಡಿಮೆ, ಆದರೆ ಲೋಳೆ ಸೋರುವ ಕಿರಿಕಿರಿ ಇರುತ್ತದೆ, ಹೊಟ್ಟೆಯ ಆಪರೇಷನ್ನೂ ಬೇಕು.

ಮನೆಗೆ ಬಂದ ಮೇಲಿನದು ಯಾರೂ ಸರಿಯಾಗಿ ಹೇಳದ ಭಾಗ. ಚರ್ಮ ಕಸಿ ಮಾಡಿಸಿಕೊಂಡವರು ಸುಮಾರು 3 ತಿಂಗಳು ಹಗಲೂ ರಾತ್ರಿ ಬೇರೊಂದು ಅಚ್ಚು ಧರಿಸಬೇಕು, ಶೌಚಕ್ಕೆ ಹೋದಾಗ ಮಾತ್ರ ತೆಗೆಯಬಹುದು. ಆಮೇಲೂ ತಿಂಗಳುಗಟ್ಟಲೆ ರಾತ್ರಿ ಹೊತ್ತು. ನಡುವೆ ಬಿಟ್ಟರೆ ದಾರಿ ಕುಗ್ಗುತ್ತದೆ, ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಹಾಸ್ಟೆಲಿನಲ್ಲಿದ್ದರೆ ಬಾಗಿಲು ಹಾಕಿಕೊಳ್ಳಲು ಕೋಣೆಯಿದೆಯೇ, ಅವಳಿಗೇ ಇದು ಬೇಕೆನಿಸಿದೆಯೇ ಎಂದು ಮೊದಲು ಕೇಳಿ. ರಜೆ ಆಮೇಲಿನ ಮಾತು.

ಆಪರೇಷನ್ನಿಂದ ಮುಟ್ಟೂ ಬರುವುದಿಲ್ಲ, ಬಸಿರೂ ನಿಲ್ಲುವುದಿಲ್ಲ. ಆದರೆ ಅಂಡಾಣು ಅವಳದೇ ಇರುತ್ತದೆ. ಗರ್ಭಕೋಶ ಇಲ್ಲದ ವಿವಾಹಿತೆಗೆ ನಮ್ಮ 2021ರ ಬಾಡಿಗೆ ತಾಯ್ತನ ಕಾನೂನಿನಲ್ಲಿ ಅವಕಾಶವಿದೆ, ಹೆಂಡತಿಗೆ 23ರಿಂದ 50 ವರ್ಷ, ಗಂಡನಿಗೆ 26ರಿಂದ 55 ವರ್ಷದೊಳಗೆ.