ಖಡ್ಗ ಹಿಡಿದ ಹುಡುಗಿಗೆ ಅಪ್ಪಣೆ ಕೊಟ್ಟವರು ಯಾರು?

ಸಿಲ್ವರ್‌ಲ್ಯಾಂಡ್ ಎಂಬ ಕಲ್ಪನೆಯ ರಾಜ್ಯದಲ್ಲಿ ಹೆಣ್ಣಿಗೆ ಪಟ್ಟವಿಲ್ಲ. ಆದರೆ ರಾಜನಿಗೆ ಹುಟ್ಟಿದ್ದು ಹೆಣ್ಣು ಮಗು. ತನ್ನ ಮಗ ಪ್ಲಾಸ್ಟಿಕ್‌ನನ್ನು ಸಿಂಹಾಸನಕ್ಕೇರಿಸಲು ಡ್ಯೂಕ್ ಡ್ಯುರಾಲುಮಿನ್ ಹೊಂಚು ಹಾಕಿ ಕೂತಿದ್ದಾನೆ. ಅವನ ಬಂಟನ ಹೆಸರು ನೈಲಾನ್. (ಆ ಕಾಲಕ್ಕೆ ಹೊಸದೆನಿಸಿದ್ದ ವಸ್ತುಗಳಿಗೆಲ್ಲ ಇಲ್ಲಿ ಖಳರ ಪಾತ್ರ!) ಬೇರೆ ದಾರಿ ಕಾಣದೆ ಸಫೈರ್ ಎಂಬ ಆ ಮಗುವನ್ನು ರಾಜಕುಮಾರನೆಂದೇ ಬೆಳೆಸುತ್ತಾರೆ. ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಈ ಕಥೆಯನ್ನು 1953ರಲ್ಲಿ 'ಶೋಜೋ ಕ್ಲಬ್' ಎಂಬ ಹುಡುಗಿಯರ ಪತ್ರಿಕೆಯಲ್ಲಿ ಬರೆಯಲಾರಂಭಿಸಿದರು. ಹೆಸರು 'ರಿಬೊನ್ ನೋ ಕಿಶಿ'. ಹೊರದೇಶಗಳಲ್ಲಿ ಅದು 'ಪ್ರಿನ್ಸೆಸ್ ನೈಟ್' (ಇಲ್ಲಿ ನೈಟ್ ಎಂದರೆ ಖಡ್ಗಧಾರಿ ಯೋಧ). ಶೋಜೋ ಮಾಂಗಾದಲ್ಲಿ, ಅಂದರೆ ಜಪಾನಿನ ಹುಡುಗಿಯರ ಕಾಮಿಕ್ಸ್‌ನಲ್ಲಿ, ಗಂಡುಡುಗೆ ತೊಟ್ಟು ಖಡ್ಗ ಹಿಡಿದ ನಾಯಕಿಯರ ದೊಡ್ಡ ಸಾಲೇ ಇದೆ. ಆ ಸಾಲಿನ ತಲೆಯಲ್ಲಿ ನಿಂತವಳು ಸಫೈರ್.

ಕಥೆ ಶುರುವಾಗುವುದು ಸ್ವರ್ಗದಲ್ಲಿ. ಹುಟ್ಟಲಿರುವ ಮಕ್ಕಳಿಗೆ ದೇವರು ಗಂಡಿನದೋ ಹೆಣ್ಣಿನದೋ ಒಂದೊಂದು ಹೃದಯ ಹಂಚುತ್ತಿದ್ದಾನೆ. ಟಿಂಕ್ ಎಂಬ ತುಂಟ ದೇವದೂತ ಸಫೈರಳಿಗೆ ಮೊದಲೇ ಗಂಡಿನ ಹೃದಯವನ್ನು ನುಂಗಿಸಿಬಿಡುತ್ತಾನೆ. ಆಮೇಲೆ ದೇವರು ಹೆಣ್ಣಿನದನ್ನೂ ಕೊಡುತ್ತಾನೆ. ಹೀಗೆ ಎರಡು ಹೃದಯ ಹೊತ್ತು ಹುಟ್ಟಿದವಳು ಕತ್ತಿವರಸೆಯಲ್ಲಿ ಎತ್ತಿದ ಕೈ. ಆದರೆ ಉತ್ಸವದ ದಿನ ಹೊಂಬಣ್ಣದ ಟೋಪನ್ ಧರಿಸಿ, ಗೌನ್ ತೊಟ್ಟು, ಕದ್ದುಮುಚ್ಚಿ ನೃತ್ಯಕ್ಕೆ ಹೋಗುತ್ತಾಳೆ. ಅಲ್ಲಿ ರಾಜಕುಮಾರ ಫ್ರಾಂಜ್ ಆ ಅಪರಿಚಿತ ಹುಡುಗಿಗೆ ಮನಸೋಲುತ್ತಾನೆ. ಅವಳೂ ತನ್ನ ವೈರಿ 'ರಾಜಕುಮಾರ ಸಫೈರ್' ಕೂಡ ಒಬ್ಬಳೇ ಎಂಬುದು ಅವನಿಗೆ ಗೊತ್ತಿಲ್ಲ. ಹೆಣ್ಣೊಬ್ಬಳು ಹೆಣ್ಣಾಗಲು ವೇಷ ಹಾಕಬೇಕಾದ ಈ ಪ್ರಸಂಗ ಇಡೀ ಕೃತಿಯಲ್ಲೇ ನನಗೆ ಅತಿ ಚುರುಕಾಗಿ ಕಾಣುವ ಭಾಗ.

ತೆಜುಕಾಗೆ ಇದೆಲ್ಲ ಹೊಳೆದದ್ದು ಶೂನ್ಯದಿಂದಲ್ಲ. ಅವರು ಬೆಳೆದದ್ದು ಒಸಾಕಾ ಬಳಿಯ ತಕರಾಜುಕಾ ಊರಿನಲ್ಲಿ. ಅಲ್ಲಿನ ಬಿಸಿನೀರಿನ ಬುಗ್ಗೆಗೆ ಪ್ರಯಾಣಿಕರನ್ನು ಸೆಳೆಯಲು ರೈಲು ಕಂಪನಿಯ ಇಚಿಜೊ ಕೊಬಾಯಾಶಿ 1913ರಲ್ಲಿ ಹುಡುಗಿಯರದೇ ಒಂದು ಗಾಯನ ತಂಡ ಕಟ್ಟಿದರು. ನಷ್ಟದಲ್ಲಿದ್ದ ಒಳಾಂಗಣ ಈಜುಕೊಳವನ್ನು ಮುಚ್ಚಿ ರಂಗಮಂದಿರ ಮಾಡಿದರು. ಮರುವರ್ಷ ಪ್ರದರ್ಶನ ಶುರುವಾಯಿತು. ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯಲ್ಲಿ ಗಂಡಸರು ಹೆಣ್ಣಾಗುತ್ತಾರೆ, ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ. ಇಲ್ಲಿ ಎಲ್ಲವೂ ತಿರುಗುಮುರುಗು. ಗಂಡು ಪಾತ್ರ ಮಾಡುವ ನಟಿಗೆ 'ಒತೊಕೊಯಾಕು' ಎನ್ನುತ್ತಾರೆ. ಮೊದಮೊದಲು ಜಡೆಯನ್ನು ಟೋಪಿಯೊಳಗೆ ಅಡಗಿಸುತ್ತಿದ್ದ ಇವರು 1930ರ ದಶಕದಲ್ಲಿ ಕೂದಲನ್ನೇ ಕತ್ತರಿಸಿಕೊಂಡರು. ಅಭಿಮಾನಿಗಳಲ್ಲಿ ಹೆಚ್ಚಿನವರು ಹೆಂಗಸರು. ತೆಜುಕಾರ ತಾಯಿಯೂ ಮಗನನ್ನು ಜೊತೆಗೆ ಕರೆದುಕೊಂಡು ನಾಟಕಕ್ಕೆ ಹೋಗುತ್ತಿದ್ದರು.

ಸಫೈರ್‌ಗೆ ಕೊನೆಗೆ ಮದುವೆಯಾಗುತ್ತದೆ, ಉಡುಗೆ ಬದಲಾಗುತ್ತದೆ, ಎಲ್ಲ ಸುಖಾಂತ. ಅವಳು ಗಂಡಾದದ್ದು ರಾಜ್ಯದ ಕಾನೂನಿನಿಂದ, ಖಡ್ಗ ಹಿಡಿದದ್ದು ನುಂಗಿದ ಹೃದಯದ ಬಲದಿಂದ. ತಾನಾಗಿ ಬಯಸಿದ್ದೇನು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಆ ದಿನಗಳಲ್ಲಿ ಹುಡುಗಿಯರ ಮಾಂಗಾ ಬರೆಯುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. ಅರವತ್ತರ ದಶಕದಲ್ಲಿ ವಾರಪತ್ರಿಕೆಗಳು ಬಂದವು, ಮಾಂಗಾ ಓದಿ ಬೆಳೆದ ಹುಡುಗಿಯರೇ ಪೆನ್ನು ಹಿಡಿದರು. ಅವರಲ್ಲೊಬ್ಬರು 1947ರಲ್ಲಿ ಹುಟ್ಟಿದ ರಿಯೋಕೊ ಇಕೆಡಾ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವರು, ಎಡಪಂಥೀಯ ವಿದ್ಯಾರ್ಥಿ ಚಳವಳಿಯಲ್ಲಿ ಓಡಾಡಿದವರು. ಸ್ಟೆಫಾನ್ ಜ್ವೈಗ್ ಬರೆದ ಜೀವನಚರಿತ್ರೆ ಓದಿ, ಫ್ರಾನ್ಸಿನ ರಾಣಿ ಮರೀ ಆಂತ್ವಾನೆತ್‌ಳ ಕಥೆ ಮಾಡಬೇಕೆಂದುಕೊಂಡರು. 'ಹೆಂಗಸರು ಮಕ್ಕಳಿಗೆ ಇತಿಹಾಸ ರುಚಿಸುವುದಿಲ್ಲ' ಎಂಬುದು ಸಂಪಾದಕರ ಅಂಜಿಕೆ. 1972ರ ಮೇ ತಿಂಗಳಲ್ಲಿ 'ಮಾರ್ಗರೆಟ್' ವಾರಪತ್ರಿಕೆಯಲ್ಲಿ 'ವೆರ್ಸಾಯ್ ನೋ ಬಾರಾ', ಅಂದರೆ ವರ್ಸೈಲ್ಸ್‌ನ ಗುಲಾಬಿ, ಶುರುವಾಯಿತು.

ನಾಯಕಿ ರಾಣಿಯೇ ಆಗಬೇಕಿತ್ತು. ರಾಣಿಯ ಕಾವಲುಪಡೆಗೆ ಒಬ್ಬ ಅಧಿಕಾರಿ ಬೇಕಿತ್ತಲ್ಲ, ಇಕೆಡಾ ಆಸ್ಕರ್‌ಳನ್ನು ಹುಟ್ಟಿಸಿದರು. ಜನರಲ್ ಜಾರ್ಜೆಯ ಮನೆಯಲ್ಲಿ ಬರೀ ಹೆಣ್ಣುಮಕ್ಕಳು. ಕೊನೆಯ ಮಗಳಿಗಾದರೂ ಗಂಡಿನ ಹೆಸರಿಟ್ಟು, ಸೈನಿಕನನ್ನಾಗಿ ಬೆಳೆಸಲು ಅಪ್ಪ ತೀರ್ಮಾನಿಸುತ್ತಾನೆ. ಓದುಗಿಯರು ರಾಣಿಯನ್ನು ಬಿಟ್ಟು ಈಕೆಗೆ ಮುಗಿಬಿದ್ದರು. ವಾರವಾರವೂ ಓದುಗರ ಒಲವು ಅಳೆಯುವ ಜಪಾನಿನ ಮಾಂಗಾ ಪತ್ರಿಕೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಕಥೆಯ ತೂಕವೇ ಆಸ್ಕರ್ ಕಡೆಗೆ ವಾಲಿತು.

ಆಸ್ಕರ್ ಹೆಣ್ಣೆಂಬುದು ಆಸ್ಥಾನದಲ್ಲಿ ಎಲ್ಲರಿಗೂ ಗೊತ್ತು. ಸಫೈರ್‌ಳಂತೆ ಗುಟ್ಟು ಕಾಯುವ ಗೋಳಿಲ್ಲ. ಫೆರ್ಸೆನ್ ಎಂಬಾತನ ಮೇಲಿನ ಪ್ರೀತಿಗಾಗಿ ಒಂದೇ ಒಂದು ಸಲ ಗೌನ್ ಉಟ್ಟು ನರ್ತಿಸುತ್ತಾಳೆ, ಅಷ್ಟಕ್ಕೇ ಮುಗಿಯಿತು. ಮುಂದೆ ಕ್ರಾಂತಿಯ ಬಿಸಿ ಹತ್ತಿರವಾದಾಗ ಅಪ್ಪನಿಗೆ ಪಶ್ಚಾತ್ತಾಪ. ಮಗಳಿಗೆ ಮದುವೆ ಮಾಡಲು ಹೊರಟು, ವರರನ್ನು ಕರೆದು ನೃತ್ಯಕೂಟ ಏರ್ಪಡಿಸುತ್ತಾನೆ. ಆಸ್ಕರ್ ಅಲ್ಲಿಗೆ ಬರುವುದು ಸಮವಸ್ತ್ರದಲ್ಲೇ. ಹೆಣ್ಣಾಗಿದ್ದೂ ಇಷ್ಟು ವಿಶಾಲವಾದ ಜಗತ್ತನ್ನು ಕಾಣುವ ಬದುಕು ಕೊಟ್ಟದ್ದಕ್ಕೆ ಅವಳು ಅಪ್ಪನಿಗೆ ಕೃತಜ್ಞತೆ ಹೇಳುವ ಪುಟಗಳೂ ಇವೆ. ಅಪ್ಪ ಹೊರಿಸಿದ್ದನ್ನು ಮಗಳು ತನ್ನದಾಗಿಸಿಕೊಳ್ಳುವುದು ಅಲ್ಲಿಯೇ. ಮದುವೆ ಬೇಡವೆಂದು ಬಾಯಿಬಿಟ್ಟು ಹೇಳಿದರೆ ಸುತ್ತಲಿನವರು ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಶಾಲಾ ಬಾಲಕಿಯರು ಇದನ್ನು ಓದುತ್ತಿದ್ದರು.

1789ರ ಜುಲೈ 14ರಂದು ಫ್ರೆಂಚ್ ಗಾರ್ಡ್ ಪಡೆಯ ಸೈನಿಕರು ಜನರ ಪಕ್ಷ ಸೇರಿ ಬಾಸ್ಟಿಲ್ ಕೋಟೆಗೆ ಫಿರಂಗಿ ತಿರುಗಿಸಿದ್ದು ನಿಜವಾದ ಇತಿಹಾಸ. ಕಾಮಿಕ್ಸ್‌ನಲ್ಲಿ ಆ ಪಡೆಯ ನಾಯಕಿ ಆಸ್ಕರ್. ಗುಂಡೇಟು ತಿಂದು ಅಂದೇ ಸಾಯುತ್ತಾಳೆ. ಆ ಸಂಚಿಕೆ ಬಂದಾಗ ತರಗತಿಗಳಲ್ಲಿ ಹುಡುಗಿಯರು ಬಿಕ್ಕಿಬಿಕ್ಕಿ ಅತ್ತದ್ದನ್ನು ಆ ತಲೆಮಾರಿನವರು ಇವತ್ತಿಗೂ ನೆನೆಯುತ್ತಾರೆ.

1974ರಲ್ಲಿ ಕಥೆ ತಕರಾಜುಕಾದ ರಂಗಕ್ಕೇ ಬಂತು. ಟಿವಿಯ ಭರಾಟೆಯಲ್ಲಿ ಸೊರಗಿದ್ದ ನಾಟಕ ಕಂಪನಿಗೆ ಅದು ಮರುಜೀವ. ಆದರೆ ಮೊದಲಿಗೆ ಓದುಗರ ವಿರೋಧ: ಕಣ್ಣಲ್ಲಿ ನಕ್ಷತ್ರ ಮಿನುಗುವ ಆಸ್ಕರ್‌ಳನ್ನು ಮನುಷ್ಯಮಾತ್ರರು ಹೇಗೆ ಅಭಿನಯಿಸಿಯಾರು? ನಿರ್ದೇಶಕ ಕಜುವೊ ಹಾಸೆಗಾವಾ ಹಳೆಯ ಸಿನಿಮಾ ತಾರೆ, ಬೆಳಕಿನ ಆಟ ಬಲ್ಲವರು. ಬಾಲ್ಕನಿಯ ಇಂಥ ಜಾಗವನ್ನೇ ನೋಡು, ಆಗ ದೀಪ ಕಣ್ಣಿಗೆ ಬಿದ್ದು ಹೊಳೆಯುತ್ತದೆ ಎಂದು ನಟಿಗೆ ಕಲಿಸಿಕೊಟ್ಟರಂತೆ. ಆ ನಾಟಕವನ್ನು ಇದುವರೆಗೆ ನೋಡಿದವರು 50 ಲಕ್ಷಕ್ಕೂ ಹೆಚ್ಚು. 1979ರಲ್ಲಿ ಟಿವಿ ಸರಣಿಯೂ ಆಯಿತು. ಮುಂದೆ ಇಟಲಿಯಲ್ಲಿ 'ಲೇಡಿ ಆಸ್ಕರ್' ಎಂಬ ಹೆಸರಲ್ಲಿ ಮನೆಮಾತಾಯಿತು.

ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. 1975ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಸ್ವಂತ ಖರ್ಚಿನ ಪತ್ರಿಕೆಗಳನ್ನು ಮಾರುವ ಮೊದಲ 'ಕಾಮಿಕೆಟ್' ನಡೆಯಿತು. 32 ಗುಂಪುಗಳು, ಸುಮಾರು 700 ಜನ. ಬಂದವರಲ್ಲಿ ಬಹುಪಾಲು ಶೋಜೋ ಮಾಂಗಾ ಓದುವ ಶಾಲಾ ಹುಡುಗಿಯರು. ಈಗ ಲಕ್ಷಗಟ್ಟಲೆ ಜನ ಸೇರುವ ಆ ಜಾತ್ರೆಯನ್ನು ಗಂಡುಹುಡುಗರ ಲೋಕವೆಂದು ಭಾವಿಸುವವರಿಗೆ ಇದನ್ನು ಹೇಳಲೇಬೇಕು.

ಅದೇ ವರ್ಷ ಮೋತೊ ಹಾಗಿಯೋ ಬರೆದ ಅಂತರಿಕ್ಷ ಕಥೆಯೊಂದರಲ್ಲಿ ಫ್ರೋಲ್ ಎಂಬ ಪಾತ್ರ ಬರುತ್ತದೆ. ಅದರ ಗ್ರಹದಲ್ಲಿ ದೊಡ್ಡವರಾಗುವ ತನಕ ಗಂಡು ಹೆಣ್ಣೆಂಬ ನಿಶ್ಚಯವೇ ಇಲ್ಲ. ಪರೀಕ್ಷೆ ಪಾಸಾದರೆ ಗಂಡಾಗುವ ಅವಕಾಶ. ಇಕೆಡಾ 1978ರಲ್ಲಿ ಇನ್ನೂ ಮುಂದೆ ಹೋದರು: 'ಕ್ಲೋದೀನ್' ಕಥೆಯ ನಾಯಕ ಹೆಣ್ಣುದೇಹದಲ್ಲಿ ಹುಟ್ಟಿದ ಗಂಡು, ವೇಷದ ಮಾತೇ ಇಲ್ಲ. ಆದರೆ ಕ್ಲೋದೀನ್ ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಆಸ್ಕರ್ ಸತ್ತಳು, ಇಕೆಡಾರದೇ ಇನ್ನೊಂದು ಕೃತಿ 'ಆರ್ಫ್ಯೂಸ್ ನೋ ಮಾದೊ'ದ ಜೂಲಿಯಸ್ ಸತ್ತಳು. ಇಕೆಡಾ ಇವರನ್ನು ಬಹಳ ಪ್ರೀತಿಯಿಂದ ಚಿತ್ರಿಸಿದರು, ಬದುಕಲು ಮಾತ್ರ ಬಿಡಲಿಲ್ಲ. ಇದು ನನ್ನ ತಕರಾರು.

ಬದುಕುವ ಸರದಿ ಬಂದದ್ದು ತೊಂಬತ್ತರ ದಶಕದಲ್ಲಿ. 'ಸೈಲರ್ ಮೂನ್' ಸರಣಿಯ ಹರುಕಾ ಗಂಡುಡುಗೆಯಲ್ಲಿ ಕಾರು ಓಡಿಸುತ್ತಾ, ಪ್ರೇಯಸಿ ಮಿಚಿರುವಿನೊಂದಿಗೆ ಹಾಯಾಗಿದ್ದಳು. ಇಂಗ್ಲಿಷ್ ಡಬ್ಬಿಂಗ್ ಮಾಡಿದವರು ಗಾಬರಿಬಿದ್ದು ಇಬ್ಬರನ್ನೂ ಸೋದರಸಂಬಂಧಿಗಳನ್ನಾಗಿಸಿದರು. 1997ರ 'ಶೋಜೋ ಕಕುಮೇಯ್ ಉತೆನಾ' ಟಿವಿ ಸರಣಿಯಲ್ಲಿ ಹುಡುಗರ ಮಾದರಿಯ ಸಮವಸ್ತ್ರ ಧರಿಸಿ ಬಂದ ಉತೆನಾಳನ್ನು ಶಿಕ್ಷಕಿ ತಡೆಯುತ್ತಾಳೆ. ಹುಡುಗಿಯರು ಇದನ್ನು ಹಾಕಬಾರದೆಂಬ ನಿಯಮ ಎಲ್ಲಿದೆ ಎಂದು ಉತೆನಾ ಕೇಳುತ್ತಾಳೆ. ಕಾನೂನೂ ಇಲ್ಲ, ಅಪ್ಪನೂ ಇಲ್ಲ, ನುಂಗಿದ ಹೃದಯವೂ ಇಲ್ಲ. ರಾಜಕುಮಾರ ಆಗಬೇಕೆನ್ನುವುದು ಅವಳದೇ ಆಸೆ.

ಆಸ್ಕರ್ ಕಥೆ 2025ರಲ್ಲಿ ಹೊಸ ಅನಿಮೇಷನ್ ಚಿತ್ರವಾಗಿ ಬಂತು, ನೆಟ್‌ಫ್ಲಿಕ್ಸ್‌ನಲ್ಲೂ ಸಿಕ್ಕಿತು. ತಕರಾಜುಕಾದಲ್ಲಿ ನಾಟಕ ಮತ್ತೆ ಮತ್ತೆ ರಂಗಕ್ಕೇರುತ್ತಲೇ ಇದೆ. ಆದರೆ ಮದುವೆಯಾದ ನಟಿಗೆ ಆ ಕಂಪನಿಯಲ್ಲಿ ಜಾಗವಿಲ್ಲ. ಅಪ್ಪ ಗೊತ್ತು ಮಾಡಿದ ಮದುವೆಗೆ ಒಲ್ಲೆನೆಂದ ಆಸ್ಕರ್‌ಳ ಪಾತ್ರ ಮಾಡುವವಳು ತಾನು ಮದುವೆಗೆ ಹೂಂ ಎಂದರೆ ಸಮವಸ್ತ್ರ ಕಳಚಿಟ್ಟು ಹೊರಡಬೇಕು.